ವರ್ಮಾಂಟಿನ ಹಳ್ಳಿಮನೆ: ಒಂದು ಋತು ಮುಂಚೆ

ಅಮೆರಿಕದ ವರ್ಮಾಂಟ್ ರಾಜ್ಯದ ಹಳ್ಳಿಗಳಲ್ಲಿ ಮುಂದಿನ ಚಳಿಗಾಲದ ಸೌದೆಯನ್ನು ಏಪ್ರಿಲ್‌ ಹೊತ್ತಿಗೇ ಸೀಳಿ ಒಟ್ಟಬೇಕು. ನವೆಂಬರ್‌ನಲ್ಲಿ ಚಳಿ ಕೂತ ಮೇಲೆ ಸೌದೆಯವನಿಗೆ ಫೋನು ಮಾಡಿದರೆ ಬಹುಮಟ್ಟಿಗೆ ಸಿಗುವುದು ಹಸಿ ಸೌದೆ, ಅದಕ್ಕೂ ಒಳ್ಳೇ ಬೆಲೆ. ಮೇ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬಿಸಿ, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಕ್ಕೆ ಹಾಕಿ ಮಳೆಗೆ ಕಾಯುವ ಮಲೆನಾಡಿನವರಿಗೆ ಈ ಲೆಕ್ಕ ಹೊಸತಲ್ಲ. ಆದರೆ ಅಲ್ಲಿ ಒಂದು ಮಳೆಗಾಲಕ್ಕೆ ತಯಾರಾದರೆ ಆಯಿತು, ಇಲ್ಲಿ ಪ್ರತಿ ಋತುವೂ ಮುಂದಿನದರ ಕೆಲಸ ಹೊತ್ತುಕೊಂಡೇ ಬರುತ್ತದೆ. ಅಕ್ಟೋಬರಿನ ಕೆಂಪು ಎಲೆ, ಜನವರಿಯ ಹಿಮದ ಫೋಟೋ ನೋಡಿ ಊರಿನಲ್ಲಿ ಎಲ್ಲರೂ ಚೆಂದ ಎನ್ನುತ್ತಾರೆ. ಚೆಂದ ಹೌದು. ಅದನ್ನು ನಿಶ್ಚಿಂತೆಯಾಗಿ ಕೂತು ನೋಡಬೇಕಾದರೆ ಮನೆ ಮಾತ್ರ ಒಂದು ಋತು ಮುಂದಿರಬೇಕು.

ಸೌದೆಯಿಂದಲೇ ಶುರು ಮಾಡೋಣ. ಇಲ್ಲಿ ಸೌದೆಯ ಅಳತೆ ಕಾರ್ಡ್. 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು, ಅಂದರೆ 128 ಘನ ಅಡಿ. ಹೊಸಬರು ಮೋಸ ಹೋಗುವುದು ‘ಫೇಸ್ ಕಾರ್ಡ್’ ಎಂಬ ಮಾತಿನಲ್ಲಿ. ಎದುರಿನಿಂದ ನೋಡಿದರೆ ಅಷ್ಟೇ ಎತ್ತರ, ಅಷ್ಟೇ ಉದ್ದ, ಆದರೆ ಆಳ ಒಂದು ತುಂಡಿನಷ್ಟು, 16 ಇಂಚು ಮಾತ್ರ. ಪೂರ್ತಿ ಕಾರ್ಡಿನ ಮೂರನೇ ಒಂದು ಭಾಗ. ದುಡ್ಡು ಕೊಡುವ ಮೊದಲು ಯಾವ ಕಾರ್ಡ್ ಎಂದು ಬಾಯಿಬಿಟ್ಟು ಕೇಳಿ. ಸೌದೆಯನ್ನೇ ನಂಬಿದ ಸಾಧಾರಣ ಮನೆಗೆ ಒಂದು ಚಳಿಗಾಲಕ್ಕೆ ನಾಲ್ಕರಿಂದ ಆರು ಕಾರ್ಡ್ ಬೇಕು.

ಸೌದೆಯ ತೇವಾಂಶ ಶೇಕಡಾ 20ಕ್ಕಿಂತ ಕೆಳಗೆ ಬಂದಿರಬೇಕು. ಮಾಪಕದ ಮುಳ್ಳನ್ನು ಹಳೆಯ ತುದಿಗೆ ಚುಚ್ಚಿದರೆ ಅದು ಸುಳ್ಳು ಹೇಳುತ್ತದೆ, ತುದಿ ಯಾವಾಗಲೂ ಮೊದಲು ಒಣಗುವುದರಿಂದ. ತುಂಡನ್ನು ಆಗಲೇ ಸೀಳಿ ಹೊಸ ಮೈಗೆ ಚುಚ್ಚಿ ನೋಡಿ. ಮೇಪಲ್, ಆ್ಯಶ್ ಮರಗಳು ಒಂದು ಬೇಸಿಗೆಯ ಗಾಳಿ ಬಿಸಿಲಿಗೆ ಸರಿಹೋಗುತ್ತವೆ, ಓಕ್ ಎರಡು ಬೇಸಿಗೆ ಕೇಳುತ್ತದೆ. ಒಟ್ಟಿಲನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಗಳ ಮೇಲೆ ಕಟ್ಟಿ, ಸಾಲುಗಳ ನಡುವೆ ಗಾಳಿಗೆ ಜಾಗ ಬಿಟ್ಟು, ನೆತ್ತಿಗೆ ಮಾತ್ರ ಮುಚ್ಚಿಗೆ ಹಾಕಿ. ಟಾರ್ಪಾಲನ್ನು ನಾಲ್ಕೂ ಕಡೆ ಎಳೆದು ಬಿಗಿದರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಬರುತ್ತದೆ. ಹಸಿ ಸೌದೆ ಒಲೆಯಲ್ಲಿ ಸುಯ್‌ಗುಟ್ಟುತ್ತದೆ, ಗಾಜಿಗೆ ಮಸಿ ಮೆತ್ತುತ್ತದೆ. ಅದರ ತಣ್ಣನೆ ಹೊಗೆಯು ಚಿಮಣಿ ಕೊಳವೆಯ ಒಳಗೋಡೆಗೆ ಡಾಂಬರಿನಂಥ ಕ್ರಿಯೋಸೋಟ್ ಹಚ್ಚುತ್ತದೆ. ಕೊಳವೆಗೇ ಬೆಂಕಿ ಹತ್ತುವುದು ಅದರಿಂದ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಕೊಳವೆ ಗುಡಿಸಿಸುವುದು ತಪ್ಪಬಾರದು. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ತುಂಬಿ, ಮನೆಯಿಂದ ದೂರ, ಮರದ ಜಗಲಿಯ ಮೇಲಲ್ಲ, ಬರೀ ನೆಲದ ಮೇಲೆ ಇಡಿ. ಬೂದಿಯೊಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ.

ಫೆಬ್ರವರಿ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಮೇಪಲ್ ಮರದ ರಸ ಇಳಿಸಿ ಸಿರಪ್ ಕಾಸುವ ಕಾಲ. ಅಮೆರಿಕದ ಮೇಪಲ್ ಸಿರಪ್ಪಿನಲ್ಲಿ ಸುಮಾರು ಅರ್ಧ ಈ ಪುಟ್ಟ ರಾಜ್ಯದ್ದೇ. ರಾತ್ರಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ, ಹಗಲು ನಾಲ್ಕೈದು ಡಿಗ್ರಿ ಮೇಲೆ ಹೋದರೆ ಮರದೊಳಗೆ ಒತ್ತಡ ಏರಿಳಿದು ರಸ ಹರಿಯುತ್ತದೆ. ಸತತವಾಗಿ ಹೆಪ್ಪುಗಟ್ಟಿದರೂ ನಿಲ್ಲುತ್ತದೆ, ಸತತವಾಗಿ ಬೆಚ್ಚಗಾದರೂ ನಿಲ್ಲುತ್ತದೆ. ಮನೆ ಹಿಂದೆ ನಾಲ್ಕು ಮರವಿದ್ದವರೂ ಮಾಡಿಕೊಳ್ಳಬಹುದಾದ ಕೆಲಸವಿದು.

ಎದೆಮಟ್ಟದಲ್ಲಿ ಸುತ್ತಳತೆ 3 ಅಡಿಯಾದರೂ ಇರುವ ಸಕ್ಕರೆ ಮೇಪಲ್ ಮರ ಬೇಕು. 5/16 ಇಂಚಿನ ಡ್ರಿಲ್ ಬಿಟ್ಟಿನಿಂದ ಒಂದೂವರೆಯಿಂದ ಎರಡು ಇಂಚು ಆಳ, ರಸ ಹೊರಗೆ ಇಳಿಯುವಂತೆ ತುಸು ಮೇಲ್ಮುಖವಾಗಿ ತೂತು ಕೊರೆಯಿರಿ. ಹೊರಬರುವ ಪುಡಿ ಬೆಳ್ಳಗಿದ್ದರೆ ಮರ ಜೀವಂತವಿದೆ. ಕಂದು ಪುಡಿ ಬಂದರೆ ಅದು ಸತ್ತ ಭಾಗ, ಅಲ್ಲಿ ಹನಿಯೂ ಬರುವುದಿಲ್ಲ. ಹಿಂದಿನ ವರ್ಷದ ತೂತಿನ ನೇರದಲ್ಲಿ ಕೊರೆಯಬಾರದು, ಅದರ ಮೇಲೂ ಕೆಳಗೂ ಕಟ್ಟಿಗೆ ಉದ್ದಕ್ಕೆ ಸತ್ತಿರುತ್ತದೆ, ಪಕ್ಕಕ್ಕೆ ಸರಿಯಿರಿ. ರಸ ಇಳಿಸುವ ನಳಿಗೆಯನ್ನು ತೂತಿಗೆ ಹಗುರವಾಗಿ ತಟ್ಟಿ ಕೂರಿಸಿದರೆ ಸಾಕು. ಜೋರಾಗಿ ಬಡಿದರೆ ಮರ ಸೀಳಿ ರಸ ಬಕೆಟ್ಟಿಗೆ ಬೀಳದೆ ತೊಗಟೆಗುಂಟ ಇಳಿದು ಹೋಗುತ್ತದೆ.

ರಸ ನೋಡಲು ನೀರೇ. ಸಕ್ಕರೆ ಶೇಕಡಾ 2ರಷ್ಟು ಮಾತ್ರ. 86ನ್ನು ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿದರೆ ಒಂದು ಲೀಟರ್ ಸಿರಪ್ಪಿಗೆ ಎಷ್ಟು ಲೀಟರ್ ರಸ ಬೇಕೆಂದು ತಿಳಿಯುತ್ತದೆ. ಶೇಕಡಾ 2 ಇದ್ದರೆ 43 ಲೀಟರ್. ಉಳಿದ 42 ಲೀಟರೂ ಆವಿಯಾಗಿ ಹೋಗಬೇಕಲ್ಲ, ಆದ್ದರಿಂದ ಇದನ್ನು ಅಡುಗೆಮನೆಯಲ್ಲಿ ಕುದಿಸಬೇಡಿ, ಗೋಡೆ ಬೆವರಿ ವಾಲ್‌ಪೇಪರ್ ಕಿತ್ತು ಬರುತ್ತದೆ. ಹೊರಗೆ ಇಟ್ಟಿಗೆ ಒಲೆ ಹೂಡಿ ಅಗಲವಾದ ತಟ್ಟೆಪಾತ್ರೆಯಲ್ಲಿ ಕುದಿಸಿ. ಬಕೆಟ್ಟಿನ ರಸವನ್ನು ಹಿಮದಲ್ಲಿ ಹೂತಿಟ್ಟರೂ ಎರಡು ಮೂರು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ಹಾಲಿನ ಹಾಗೆ ಕೆಡುತ್ತದೆ. ತಟ್ಟೆಯಲ್ಲಿ ಒಂದೂವರೆ ಇಂಚಿಗಿಂತ ಕಡಿಮೆ ಉಳಿಯದಂತೆ ಹೊಸ ರಸ ಸುರಿಯುತ್ತಿರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ನೊರೆ ಉಕ್ಕಿ ಬಂದರೆ ಒಂದು ತೊಟ್ಟು ತುಪ್ಪ ಹಾಕಿ, ಕೂತುಬಿಡುತ್ತದೆ.

ಕೊನೆಯ ಹದವನ್ನು ಒಳಗೆ ಗ್ಯಾಸ್ ಒಲೆಯ ಮೇಲೆ, ಥರ್ಮಾಮೀಟರ್ ಹಿಡಿದು ನೋಡಬೇಕು. ಆ ದಿನ ಆ ಜಾಗದಲ್ಲಿ ಬರೀ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೋ ಅದಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೆ ಹೋದಾಗ ಸಿರಪ್ ಆಯಿತು. ಮೊದಲು ನೀರನ್ನೇ ಕುದಿಸಿ ಅಳೆಯಿರಿ, ಗಾಳಿಯ ಒತ್ತಡ ಬದಲಾದರೆ ಕುದಿಬಿಂದುವೂ ಬದಲಾಗುತ್ತದೆ. ಹದಕ್ಕೆ ಮುಂಚೆ ಇಳಿಸಿದರೆ ಬಾಟಲಿಯಲ್ಲಿ ಹುಳಿ ಬರುತ್ತದೆ, ಹದ ಮೀರಿದರೆ ತಳದಲ್ಲಿ ಹರಳು ಕಟ್ಟುತ್ತದೆ. ಬಿಸಿಯಿರುವಾಗಲೇ ದಪ್ಪ ಉಣ್ಣೆಬಟ್ಟೆಯಲ್ಲಿ ಸೋಸಿ ಮರಳಿನಂಥ ಗಸಿ ತೆಗೆದು, 82 ಡಿಗ್ರಿಗಿಂತ ಮೇಲಿರುವಾಗ ಬಾಟಲಿಗೆ ತುಂಬಿ. ತೆರೆದ ಬಾಟಲಿ ಫ್ರಿಜ್ಜಿನಲ್ಲಿರಲಿ. ಮರದ ಮೊಗ್ಗು ಉಬ್ಬಿತೆಂದರೆ ರಸಕ್ಕೆ ಕೆಟ್ಟ ವಾಸನೆ ಬರುತ್ತದೆ, ನಳಿಗೆ ಕಿತ್ತುಬಿಡಿ. ಸೀಸನ್ನಿನ ಮೊದಲ ಸಿರಪ್ ಹೊಂಬಣ್ಣ, ಕೊನೆಯದು ಕಡು ಕಂದು. ಅಂಗಡಿಯಲ್ಲಿ ಮರ್ಯಾದೆ ಹೊಂಬಣ್ಣಕ್ಕೇ ಹೆಚ್ಚು, ಆದರೆ ಗೋಧಿ ದೋಸೆಗೂ ನೀರುದೋಸೆಗೂ ಆ ಕೊನೆಯ ಕಪ್ಪು ಸಿರಪ್ಪೇ ಸರಿ.

ಏಪ್ರಿಲ್ ಅಂದರೆ ಕೆಸರು. ರಾಜ್ಯದ ಅರ್ಧಕ್ಕಿಂತ ಹೆಚ್ಚು ರಸ್ತೆಗಳು ಮಣ್ಣಿನವು. ಹೆಪ್ಪುಗಟ್ಟಿದ ನೆಲ ಮೇಲಿಂದ ಕರಗುತ್ತ ಬರುತ್ತದೆ, ಅಡಿಯಲ್ಲಿ ಇನ್ನೂ ಮಂಜುಗಡ್ಡೆ ಇರುವುದರಿಂದ ನೀರು ಇಳಿಯಲು ದಾರಿಯಿಲ್ಲ. ಕಾರು ಅಚ್ಚಿನವರೆಗೆ ಹೂತುಹೋಗುತ್ತದೆ. ದೊಡ್ಡ ಸಾಮಾನು ತರುವ ಕೆಲಸವನ್ನು ನೆಲ ಗಟ್ಟಿಯಿರುವ ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ.

ಮೇ ಮೊದಲ ವಾರ ಹೊಳೆದಂಡೆಗಳಲ್ಲಿ ಆಸ್ಟ್ರಿಚ್ ಜರೀಗಿಡದ ಸುರುಳಿಗಳು ಏಳುತ್ತವೆ. ಕೊಡಗಿನಲ್ಲಿ ಥೆರ್ಮೆ ತೊಪ್ಪು ತಿಂದವರಿಗೆ ಕಂಡಕೂಡಲೇ ಬಾಯಲ್ಲಿ ನೀರು. ಆದರೆ ಇದೇ ಬೇರೆ ಜಾತಿ, ಪಕ್ಕದಲ್ಲೇ ತಿನ್ನಬಾರದ ಜರೀಗಿಡಗಳೂ ಇರುತ್ತವೆ. ಕೀಳಬೇಕಾದದ್ದರ ಗುರುತು ಮೂರು: ನುಣ್ಣನೆ ಕಾಂಡ, ಅದರ ಒಳಬದಿಯಲ್ಲಿ ಉದ್ದಕ್ಕೆ ಸ್ಪಷ್ಟವಾದ ತೋಡು, ಸುರುಳಿಯ ಮೇಲೆ ಕಾಗದದಂಥ ಕಂದು ಪೊರೆ. ನೂಲು ನೂಲಾಗಿ ರೋಮವಿದ್ದರೆ ಬಿಟ್ಟುಬಿಡಿ. ಪೊರೆ ಉಜ್ಜಿ ತೊಳೆದು 15 ನಿಮಿಷ ಕುದಿಸಿ, ಆ ನೀರು ಚೆಲ್ಲಿ, ಆಮೇಲೆ ಪಲ್ಯಕ್ಕೆ ಒಗ್ಗರಣೆ. ಹಸಿಯಾಗಿ ಅಥವಾ ಬರೀ ಬಾಡಿಸಿ ತಿಂದವರಿಗೆ ವಾಂತಿ ಭೇದಿ ಆಗುವುದು ಇಲ್ಲಿ ಗೊತ್ತಿರುವ ಸಂಗತಿ. ಹುಲ್ಲು ಪೊದೆಗಳಲ್ಲಿ ಓಡಾಡಿ ಬಂದಮೇಲೆ ಮೈಯೆಲ್ಲ ಉಣ್ಣೆಹುಳು ಹುಡುಕುವುದನ್ನು ಮರೆಯಬೇಡಿ, ಲೈಮ್ ಕಾಯಿಲೆ ಹರಡುವುದು ಅದರಿಂದಲೇ. ಕಚ್ಚಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಿರಿ, ಎಣ್ಣೆ ಬೆಂಕಿಕಡ್ಡಿ ಏನೂ ಬೇಡ.

ತೋಟಕ್ಕೆ ಸಿಗುವುದು ಮೇ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, ನಾಲ್ಕು ತಿಂಗಳು. ಮೆಣಸಿನ ಬೀಜ ಮಾರ್ಚ್ ಮಧ್ಯದಲ್ಲೇ ಮನೆಯೊಳಗೆ ಮೊಳೆಯಬೇಕು. ಮೊಳಕೆಗೆ 27 ಡಿಗ್ರಿ ಬೆಚ್ಚಗೆ ಬೇಕು, ಕೋಣೆಯ 18 ಡಿಗ್ರಿಯಲ್ಲಿ ವಾರಗಟ್ಟಲೆ ಸುಮ್ಮನೆ ಕೂತು ಕೊಳೆಯುತ್ತದೆ. ಹೊರಗೆ ನೆಡುವ ಮುಂಚೆ ಒಂದು ವಾರ, ದಿನಕ್ಕೆ ಎರಡು ಗಂಟೆಯಿಂದ ಶುರುಮಾಡಿ ಬಿಸಿಲು ಗಾಳಿ ರೂಢಿ ಮಾಡಿಸದಿದ್ದರೆ ಎಲೆ ಬೆಳ್ಳಗೆ ಸುಡುತ್ತದೆ. ಮೆಂತ್ಯ ಹದಿನೈದು ದಿನಕ್ಕೊಮ್ಮೆ ಬಿತ್ತಿದರೆ ಬೇಸಿಗೆಯಿಡೀ ಸೊಪ್ಪು. ಕೊತ್ತಂಬರಿ ಜೂನಿನ ಉದ್ದ ಹಗಲಿಗೆ ಹೂ ಬಿಟ್ಟುಬಿಡುತ್ತದೆ, ಆಗಸ್ಟಿನಲ್ಲಿ ಮತ್ತೆ ಬಿತ್ತಿ. ಊರಿಂದ ತಂದ ಅವರೆ ಬೀಜದ ಆಸೆ ಬಿಡುವುದೇ ಒಳ್ಳೆಯದು. ನಮ್ಮ ಹೆಚ್ಚಿನ ಅವರೆ ತಳಿಗಳು ಹಗಲು ಗಿಡ್ಡವಾಗುವ ತನಕ ಹೂ ಬಿಡುವುದಿಲ್ಲ. ಇಲ್ಲಿ ಬಳ್ಳಿ ಚಪ್ಪರ ತುಂಬುತ್ತದೆ, ಸೆಪ್ಟೆಂಬರಿನಲ್ಲಿ ಹೂ ಬರುತ್ತದೆ, ಕಾಯಿ ಕಚ್ಚುವ ಮೊದಲೇ ಇಬ್ಬನಿ ಹೆಪ್ಪುಗಟ್ಟಿ ಎಲ್ಲ ಕಪ್ಪಾಗುತ್ತದೆ. ಕುಂಡದ ಕರಿಬೇವನ್ನು ರಾತ್ರಿ 10 ಡಿಗ್ರಿಗೆ ಇಳಿಯುವ ಮೊದಲು ದಕ್ಷಿಣದ ಕಿಟಕಿಗೆ ತನ್ನಿ. ಚಳಿಯಲ್ಲಿ ಎಲೆ ಉದುರಿಸಿದರೆ ನೀರು ಹೆಚ್ಚಿಸಬೇಡಿ, ಬೇರು ಕೊಳೆಯುತ್ತದೆ.

ಆಗಸ್ಟ್ ಕೊನೆಗೆ ಟೊಮೆಟೊ ಒಟ್ಟಿಗೇ ಹಣ್ಣಾಗಿ ಮೇಜು ತುಂಬುತ್ತದೆ. ಜಾರುಗಳಿಗೆ ತುಂಬಿ ಮುಚ್ಚುವ ಕಾಲ. ಇಲ್ಲಿ ಕೈರುಚಿಗೆ ಜಾಗವಿಲ್ಲ, ಅಳತೆಗೆ ಮಾತ್ರ. ಗಾಳಿಯಿಲ್ಲದ ಜಾರಿನಲ್ಲಿ ಬೆಳೆದು ವಿಷ ಬಿಡುವ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಕಣ ಕುದಿನೀರಿಗೆ ಸಾಯುವುದಿಲ್ಲ. ಅದನ್ನು ತಡೆಯುವುದು ಹುಳಿ. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಳತೆ 4.6ಕ್ಕಿಂತ ಕೆಳಗಿರಬೇಕು. ಟೊಮೆಟೊ ಸರಿಯಾಗಿ ಆ ಗಡಿಯಲ್ಲೇ ನಿಂತಿದೆ. ಅದಕ್ಕೇ ಸುಮಾರು ಒಂದು ಲೀಟರಿನ ಕ್ವಾರ್ಟ್ ಜಾರಿಗೆ ಎರಡು ದೊಡ್ಡ ಚಮಚ, ಅಂದರೆ 30 ಮಿಲಿ, ನಿಂಬೆರಸ ಮೊದಲೇ ಹಾಕಬೇಕು. ಅದೂ ಅಂಗಡಿಯ ಬಾಟಲಿಯದು. ತಾಜಾ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುತ್ತದೆ. ಸಿಪ್ಪೆ ಸುಲಿದು ಜಜ್ಜಿ ಕುದಿಸಿದ ಟೊಮೆಟೊವನ್ನು ಬಿಸಿಯಾಗಿ ತುಂಬಿ, ಮೇಲೆ ಅರ್ಧ ಇಂಚು ಬಿಟ್ಟು, ಗಾಳಿಗುಳ್ಳೆ ತೆಗೆದು, ಅಂಚು ಒರೆಸಿ ಮುಚ್ಚಿ. ಜಾರಿನ ನೆತ್ತಿಯ ಮೇಲೆ ಒಂದಿಂಚು ನೀರು ನಿಲ್ಲುವಂತೆ ಮುಳುಗಿಸಿ 45 ನಿಮಿಷ ಕುದಿಸಿ. ಮನೆ ಸಾವಿರ ಅಡಿಗಿಂತ ಎತ್ತರದಲ್ಲಿದ್ದರೆ 50 ನಿಮಿಷ, ಇಲ್ಲಿನ ಎಷ್ಟೋ ಗುಡ್ಡದ ಊರುಗಳು ಹಾಗೆಯೇ ಇವೆ. ಮಾರನೆ ದಿನ ಮುಚ್ಚಳದ ನಡುವೆ ಬೆರಳೊತ್ತಿದರೆ ಟಕ್ ಎಂದು ಕುಣಿಯಬಾರದು. ಕುಣಿದರೆ ಆ ಜಾರು ಫ್ರಿಜ್ಜಿಗೆ.

ನಮ್ಮವರು ಎಡವುವುದು ತೊಕ್ಕಿನಲ್ಲಿ. ಎಣ್ಣೆ, ಬೆಳ್ಳುಳ್ಳಿ, ಒಗ್ಗರಣೆ ಹಾಕಿದ ಟೊಮೆಟೊ ತೊಕ್ಕನ್ನು ಇದೇ ರೀತಿ ಜಾರಿಗೆ ತುಂಬಿ ಕಪಾಟಿನಲ್ಲಿ ಇಡಬಾರದು. ಬೆಳ್ಳುಳ್ಳಿ ಹುಳಿಯನ್ನು ತಗ್ಗಿಸುತ್ತದೆ, ಎಣ್ಣೆ ಗಾಳಿಯನ್ನು ದೂರವಿಟ್ಟು ಬಿಸಿಯನ್ನೂ ಸರಿಯಾಗಿ ತಟ್ಟಗೊಡುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ವಿಷ ಗೊತ್ತಾಗುವುದಿಲ್ಲ. ತೊಕ್ಕು, ಗೊಜ್ಜು ಎಲ್ಲ ಸಣ್ಣ ಡಬ್ಬಗಳಲ್ಲಿ ಫ್ರೀಜರಿಗೆ ಹೋಗಲಿ. ಹುರುಳಿಕಾಯಿಗೆ ಹುಳಿಯೇ ಇಲ್ಲವಾದ್ದರಿಂದ ಅದಕ್ಕೆ ಜಾರುಗಳನ್ನು ಒತ್ತಡದಲ್ಲಿ ಬೇಯಿಸುವ, ಒತ್ತಡ ತೋರಿಸುವ ಪಾತ್ರೆಯಾದ ಪ್ರೆಷರ್ ಕ್ಯಾನರ್ ಬೇಕು, ಮಾಮೂಲಿ ಕುಕ್ಕರ್ ನಡೆಯುವುದಿಲ್ಲ.

ಸೆಪ್ಟೆಂಬರ್ ಕೊನೆಗೆ ಉತ್ತರದ ಬೆಟ್ಟಗಳಲ್ಲಿ, ಅಕ್ಟೋಬರ್ ಮಧ್ಯಕ್ಕೆ ದಕ್ಷಿಣದ ಕಣಿವೆಗಳಲ್ಲಿ ಎಲೆಯ ಬಣ್ಣ ತುಂಬುತ್ತದೆ. ಹಳದಿ ಮೊದಲಿಂದಲೂ ಎಲೆಯಲ್ಲೇ ಇದ್ದದ್ದು, ಹಸಿರು ಸರಿದಾಗ ಕಾಣುತ್ತದೆ. ಮೇಪಲ್ಲಿನ ಕೆಂಪು ಮಾತ್ರ ಆಗ ಹೊಸದಾಗಿ ತಯಾರಾಗುವಂಥದು. ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಣ್ಣನೆ ರಾತ್ರಿ ಸಿಕ್ಕ ವರ್ಷ ಅದು ಗಾಢ. ಜನ ಕಾರು ಹತ್ತಿ ಬಣ್ಣ ನೋಡಲು ಹೋಗುವ ಅದೇ ವಾರಗಳಲ್ಲಿ ಬೆಳ್ಳುಳ್ಳಿ ನೆಡಬೇಕು. ಎಸಳನ್ನು ಮೊನೆ ಮೇಲಾಗಿ 2 ಇಂಚು ಆಳ, 6 ಇಂಚು ಅಂತರದಲ್ಲಿ ಊರಿ ಮೇಲೆ ಅರ್ಧ ಅಡಿ ಹುಲ್ಲು ಹೊದಿಸಿ. ಚಳಿ ತಾಗದಿದ್ದರೆ ಗೆಡ್ಡೆ ಎಸಳಾಗಿ ಒಡೆಯುವುದಿಲ್ಲ. ಜೂನಿನಲ್ಲಿ ಬರುವ ಹೂದಂಟು ಮುರಿದರೆ ಗೆಡ್ಡೆ ದಪ್ಪವಾಗುತ್ತದೆ, ದಂಟಿನ ಪಲ್ಯ ಲಾಭ.

ನೆಲಮಾಳಿಗೆಯಲ್ಲಿ ಆಲೂಗಡ್ಡೆ 4 ಡಿಗ್ರಿಯ ಕತ್ತಲಿನಲ್ಲಿ, ಕ್ಯಾರೆಟ್ ಒದ್ದೆ ಮರಳಿನಲ್ಲಿ ಇರಲಿ. ಕುಂಬಳಕ್ಕೆ ಅಷ್ಟು ತಣ್ಣಗೆ ಆಗದು, ಹತ್ತರಿಂದ ಹದಿಮೂರು ಡಿಗ್ರಿಯ ಒಣ ಜಾಗ ಬೇಕು. ಸೇಬನ್ನು ಇವುಗಳ ಜೊತೆ ಇಡಬೇಡಿ, ಅದು ಬಿಡುವ ಎಥಿಲೀನ್ ಅನಿಲಕ್ಕೆ ಆಲೂಗಡ್ಡೆ ಮೊಳೆಯುತ್ತದೆ, ಕ್ಯಾರೆಟ್ ಕಹಿಯಾಗುತ್ತದೆ.

ಹಿಮ ಬಿದ್ದ ಮೇಲೆ ಹಳ್ಳಿಮನೆಯ ನಿಜವಾದ ಶತ್ರು ಕರೆಂಟು ಹೋಗುವುದು. ಕುಡಿಯುವ ನೀರು ಸ್ವಂತ ಬೋರಿನದು, ಪಂಪು ನಿಂತರೆ ನಲ್ಲಿಯೂ ನಿಂತಿತು. ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೇ ಕುಡಿಯುವ ನೀರು ಹಿಡಿದಿಟ್ಟು ಬಚ್ಚಲ ತೊಟ್ಟಿಯನ್ನೂ ತುಂಬಿಸಿ, ಶೌಚಕ್ಕೆ ಬೇಕಾಗುತ್ತದೆ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು, ಕರೆಂಟು ಇರುವಷ್ಟು ಹೊತ್ತು ನಲ್ಲಿಯನ್ನು ಸಣ್ಣಗೆ ಹರಿಯಬಿಟ್ಟರೆ ಪೈಪು ಒಡೆಯುವುದು ತಪ್ಪುತ್ತದೆ. ಛಾವಣಿಯ ಅಂಚಿನ ಮೂರು ನಾಲ್ಕು ಅಡಿ ಹಿಮವನ್ನು ಉದ್ದ ಹಿಡಿಯ ಕುಂಟೆಯಿಂದ ನೆಲದಲ್ಲೇ ನಿಂತು ಎಳೆದುಹಾಕಿ. ಒಳಗಿನ ಬಿಸಿಗೆ ಕರಗಿದ ನೀರು ತಣ್ಣನೆ ಅಂಚಿಗೆ ಬಂದು ಮತ್ತೆ ಗಡ್ಡೆಕಟ್ಟಿ ಹಿಂದಕ್ಕೆ ನುಗ್ಗಿದರೆ ಸೀಲಿಂಗ್ ಸೋರುತ್ತದೆ.

ಇನ್ನು ದೋಸೆ ಹಿಟ್ಟು. 18 ಡಿಗ್ರಿಯ ಅಡುಗೆಮನೆಯಲ್ಲಿ ರಾತ್ರಿ ರುಬ್ಬಿದ್ದು ಬೆಳಿಗ್ಗೆ ಇದ್ದಲ್ಲೇ ಇರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಿ, ಓವನ್ನಿನೊಳಗೆ ದೀಪ ಮಾತ್ರ ಹಚ್ಚಿ ಪಾತ್ರೆ ಇಡಿ, ಹತ್ತು ಹನ್ನೆರಡು ಗಂಟೆಯಲ್ಲಿ ಉಬ್ಬುತ್ತದೆ. ಸೌದೆ ಒಲೆಯ ತೀರಾ ಪಕ್ಕ ಬೇಡ, ಪಾತ್ರೆಯ ಒಂದೇ ಬದಿ ಬೆಂದು ಗಂಟಾಗುತ್ತದೆ. ಓವನ್ನಿನ ಗುಂಡಿಯ ಮೇಲೆ ‘ಒಳಗೆ ಹಿಟ್ಟಿದೆ’ ಎಂದು ಚೀಟಿ ಅಂಟಿಸಿ. ಮನೆಯಲ್ಲಿ ಯಾರಾದರೂ ನೋಡದೆ ಬಿಸಿ ಹಚ್ಚಿದರೆ ಹಿಟ್ಟು ಪಾತ್ರೆ ಸಮೇತ ಹೋಯಿತು.