1908ರ ಸೆಪ್ಟೆಂಬರ್ 23, ಕಾರ್ಡುಗಳಲ್ಲಿ

ಹಳೆಯ ಬೇಸ್‌ಬಾಲ್ ಕಾರ್ಡುಗಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಹೋನಸ್ ವ್ಯಾಗ್ನರ್ ಅವರ ಹೆಸರು. ಅಮೆರಿಕನ್ ಟೊಬ್ಯಾಕೋ ಕಂಪನಿಯು 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕುಗಳೊಳಗೆ ಇಟ್ಟು ಹಂಚಿದ, ಸಂಗ್ರಾಹಕರು ಟಿ206 ಎಂದು ಕರೆಯುವ ಮಾಲಿಕೆಯಲ್ಲಿ, ಪಿಟ್ಸ್‌ಬರ್ಗ್ ತಂಡದ ಈ ಆಟಗಾರರ ಕಾರ್ಡಿನ ಮುದ್ರಣ ಬೇಗನೆ ನಿಂತುಹೋಯಿತು. ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಕಾರ್ಡಿನ ಬಗ್ಗೆ ನನಗೂ ಕುತೂಹಲವಿದೆ. ಆದರೆ ನನ್ನನ್ನು ಈ ಹವ್ಯಾಸದಲ್ಲಿ ಹಿಡಿದಿಟ್ಟಿರುವುದು ಅದೇ ಮಾಲಿಕೆಯ ಬೇರೊಂದು ಕಾರ್ಡು. ನ್ಯೂಯಾರ್ಕ್ ಜೈಂಟ್ಸ್ ತಂಡದ ಫ್ರೆಡ್ ಮರ್ಕಲ್ ಅವರ ಚಿತ್ರವಿರುವ ಆ ಕಾರ್ಡು ಸಂಗ್ರಾಹಕರ ಲೆಕ್ಕದಲ್ಲಿ ಸಾಧಾರಣವಾದದ್ದು, ಮೂಲೆ ಸವೆದಿದ್ದರೆ ಇನ್ನೂ ಅಗ್ಗವಾದದ್ದು.

ಮರ್ಕಲ್ ಯಾರೆಂದು ತಿಳಿಯಬೇಕಾದರೆ 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ನಡೆದದ್ದನ್ನು ತಿಳಿಯಬೇಕು. ಜೈಂಟ್ಸ್ ಮತ್ತು ಷಿಕಾಗೋ ಕಬ್ಸ್ ತಂಡಗಳು ನ್ಯಾಷನಲ್ ಲೀಗಿನ ಅಗ್ರಸ್ಥಾನಕ್ಕಾಗಿ ಸೆಣಸುತ್ತಿದ್ದವು. ಜೈಂಟ್ಸ್‌ನ ಖಾಯಂ ಫಸ್ಟ್ ಬೇಸ್‌ಮನ್ (ಓಡುವವರು ಸರದಿಯಲ್ಲಿ ಮುಟ್ಟಬೇಕಾದ ಬೇಸುಗಳಲ್ಲಿ ಮೊದಲನೆಯದನ್ನು ಕಾಯುವ ಆಟಗಾರ) ಫ್ರೆಡ್ ಟೆನಿ ಅವರು ಸೊಂಟನೋವಿನಿಂದ ಆಡಲಾಗದ ಕಾರಣ ಹತ್ತೊಂಬತ್ತು ವರ್ಷದ ಮರ್ಕಲ್ ಅವರಿಗೆ ಆ ದಿನ ಅವಕಾಶ ಸಿಕ್ಕಿತ್ತು. ಒಂಬತ್ತನೆಯ ಇನ್ನಿಂಗ್ಸಿನ ಕೊನೆಯಲ್ಲಿ, ಸ್ಕೋರು 1-1 ಆಗಿದ್ದಾಗ, ಇಬ್ಬರು ಔಟಾಗಿದ್ದಾಗ, ಮೂಸ್ ಮೆಕಾರ್ಮಿಕ್ ಮೂರನೆಯ ಬೇಸಿನಲ್ಲೂ ಮರ್ಕಲ್ ಮೊದಲನೆಯ ಬೇಸಿನಲ್ಲೂ ಇದ್ದರು. ಆಲ್ ಬ್ರಿಡ್‌ವೆಲ್ ಹೊಡೆದ ಚೆಂಡು ನೆಟ್ಟಗೆ ಮಧ್ಯ ಮೈದಾನಕ್ಕೆ ಹೋಯಿತು. ಮೆಕಾರ್ಮಿಕ್ ಓಡಿಬಂದು, ರನ್ ಪೂರ್ಣವಾಗುವ ಹೋಮ್ ಪ್ಲೇಟ್ ಮುಟ್ಟಿದರು, ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು, ಎರಡನೆಯ ಬೇಸಿನತ್ತ ಓಡುತ್ತಿದ್ದ ಮರ್ಕಲ್ ಆಟ ಮುಗಿಯಿತೆಂದು ತಿಳಿದು ಅರ್ಧದಲ್ಲೇ ತಿರುಗಿ ಕ್ಲಬ್‌ಹೌಸಿನ ಕಡೆಗೆ ಹೊರಟರು. ನಿಯಮದ ಪ್ರಕಾರ ಅವರು ಎರಡನೆಯ ಬೇಸನ್ನು ಮುಟ್ಟಲೇಬೇಕಿತ್ತು. ಅದಕ್ಕೆ ಮೊದಲು ಎದುರಾಳಿಯು ಚೆಂಡು ಹಿಡಿದು ಆ ಬೇಸನ್ನು ಮುಟ್ಟಿದರೆ ಅವರು ಔಟ್, ಗೆಲುವಿನ ರನ್ನೂ ರದ್ದು. ಆದರೆ ಹೀಗೆ ಗೆಲುವಿನ ರನ್ ಬಂದ ಮೇಲೆ ಮುಂದಿನ ಬೇಸಿಗೆ ಹೋಗದೆ ಹಿಂದಿರುಗುವುದು ಆ ಕಾಲದ ಆಟಗಾರರಲ್ಲಿ ರೂಢಿಯೇ ಆಗಿತ್ತೆಂಬುದನ್ನು ಮರೆಯಬಾರದು.

ಕಬ್ಸ್‌ನ ಜಾನಿ ಎವರ್ಸ್ ಆ ನಿಯಮವನ್ನು ಮರೆತಿರಲಿಲ್ಲ. ಕೆಲವೇ ವಾರಗಳ ಹಿಂದೆ ಪಿಟ್ಸ್‌ಬರ್ಗಿನಲ್ಲಿ ಇಂಥದ್ದೇ ಸಂದರ್ಭದಲ್ಲಿ ಅವರು ಇದೇ ಅಂಪೈರ್ ಹ್ಯಾಂಕ್ ಓಡೇ ಅವರ ಮುಂದೆ ವಾದಿಸಿ ಸೋತಿದ್ದರು. ಈ ಸಲ ಎವರ್ಸ್ ಚೆಂಡಿಗಾಗಿ ಕೂಗಿದರು. ಜೈಂಟ್ಸ್‌ನ ಜೋ ಮೆಕ್‌ಗಿನಿಟಿ ಸಂಗತಿಯನ್ನು ಗ್ರಹಿಸಿ ಚೆಂಡನ್ನು ಕಸಿದು ಜನರ ಗುಂಪಿನೊಳಗೆ ಎಸೆದರೆಂದು ಹೇಳುತ್ತಾರೆ. ಕೊನೆಗೆ ಎವರ್ಸ್ ಕೈಗೆ ಬಂದದ್ದು ಅದೇ ಚೆಂಡೋ ಬೇರೊಂದೋ ಎಂಬ ವಿವಾದ ಇಂದಿಗೂ ಬಗೆಹರಿದಿಲ್ಲ. ಓಡೇ ಅವರು ಮರ್ಕಲ್ ಔಟೆಂದು ತೀರ್ಪಿತ್ತರು. ಆಟ ಸಮವಾಯಿತು, ಋತುವಿನ ಕೊನೆಯಲ್ಲಿ ತಂಡಗಳೂ ಸಮವಾದವು, ಅಕ್ಟೋಬರ್ 8ರ ಮರು ಪಂದ್ಯವನ್ನು ಕಬ್ಸ್ 4-2ರಿಂದ ಗೆದ್ದು, ಚಾಂಪಿಯನ್ನರನ್ನು ನಿರ್ಧರಿಸುವ ವರ್ಲ್ಡ್ ಸೀರೀಸನ್ನೂ ಗೆದ್ದಿತು. ದಡ್ಡನೆಂಬ ಬಿರುದು ಮರ್ಕಲ್ ಅವರಿಗೆ ಜೀವನವಿಡೀ ಅಂಟಿಕೊಂಡಿತು.

ಟಿ206 ಕಾರ್ಡುಗಳು ಮುದ್ರಣವಾದದ್ದು ಇದರ ಮರುವರ್ಷದಿಂದ. ಆದ್ದರಿಂದಲೇ ಆ ಕ್ಷಣದಲ್ಲಿ ಪಾತ್ರ ವಹಿಸಿದ ಆಟಗಾರರೆಲ್ಲ, ಹೆಚ್ಚುಕಡಿಮೆ ಆ ದಿನ ಇದ್ದ ವಯಸ್ಸಿನಲ್ಲೇ, ಆ ಮಾಲಿಕೆಯಲ್ಲಿ ಸಿಗುತ್ತಾರೆ. ಇದು ತಿಳಿದ ದಿನದಿಂದ ನನ್ನ ಸಂಗ್ರಹಕ್ಕೆ ಒಂದು ಗುರಿ ಬಂದಿತು. ಮರ್ಕಲ್, ಬ್ರಿಡ್‌ವೆಲ್, ಮೆಕಾರ್ಮಿಕ್, ಎವರ್ಸ್, ಆಡಲಾಗದೆ ಕುಳಿತ ಟೆನಿ, ಮಧ್ಯ ಮೈದಾನದಿಂದ ಚೆಂಡೆಸೆದ ಹಾಫ್‌ಮನ್, ಅಂದು ಪಿಚ್ ಮಾಡಿದ (ಬ್ಯಾಟು ಹಿಡಿದವರಿಗೆ ಚೆಂಡೆಸೆದ) ಮ್ಯಾಥ್ಯೂಸನ್ ಮತ್ತು ಫೀಸ್ಟರ್, ಎಲ್ಲರೂ ಅಲ್ಲಿದ್ದಾರೆ. ಮೆಕ್‌ಗಿನಿಟಿ ಅವರ ಕಾರ್ಡಿನಲ್ಲಿ ಮಾತ್ರ ನ್ಯೂಅರ್ಕ್ ಎಂಬ ಊರಿನ ಹೆಸರಿದೆ, ಏಕೆಂದರೆ 1909ರ ಹೊತ್ತಿಗೆ ಜೈಂಟ್ಸ್ ತಂಡವು ಅವರನ್ನು ಬಿಟ್ಟುಕೊಟ್ಟು ಅವರು ಕೆಳದರ್ಜೆಯ ಮೈನರ್ ಲೀಗಿಗೆ ಹೋಗಿಯಾಗಿತ್ತು. ಒಂದೇ ಒಂದು ಊರಿನ ಹೆಸರು ಒಬ್ಬ ದೊಡ್ಡ ಪಿಚರನ ಇಳಿಗಾಲವನ್ನು ಹೇಳಿಬಿಡುತ್ತದೆ.

ಆ ಮಾಲಿಕೆಯ ಕಾರ್ಡುಗಳು ಹೇಳುವುದೂ ಅಷ್ಟನ್ನೇ. ಒಂದೂವರೆ ಇಂಚಿಗೂ ಕಡಿಮೆ ಅಗಲದ, ಎರಡೂವರೆ ಇಂಚಿಗಿಂತ ತುಸು ಹೆಚ್ಚು ಎತ್ತರದ ಕಲ್ಲಚ್ಚಿನ ಚಿತ್ರ. ಕೆಳಗೆ ಬಿಳಿ ಅಂಚಿನಲ್ಲಿ ಆಟಗಾರನ ಹೆಸರು ಮತ್ತು ಊರು. ಹಿಂಬದಿಯಲ್ಲಿ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಮುಂತಾದ ಸಿಗರೇಟಿನ ಜಾಹೀರಾತು ಮಾತ್ರ. ಅಂಕಿಅಂಶವಿಲ್ಲ, ಪರಿಚಯವಿಲ್ಲ. ಕಥೆಯನ್ನು ನಾವೇ ಹುಡುಕಿಕೊಂಡು ಬರಬೇಕು, ಮತ್ತು ಆ ಹುಡುಕಾಟವೇ ಈ ಹವ್ಯಾಸದ ಅತ್ಯುತ್ತಮ ಭಾಗವೆಂದು ನಾನು ನಂಬುತ್ತೇನೆ. ಇಂದಿನ ಮಾರುಕಟ್ಟೆಯು ಕಾರ್ಡಿನ ಮೂಲೆ ಎಷ್ಟು ಚೂಪಾಗಿದೆ ಎಂಬುದಕ್ಕೆ ಕೊಡುವ ಬೆಲೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಾರ್ಡುಗಳ ಸ್ಥಿತಿಯನ್ನು ಪರೀಕ್ಷಿಸಿ ದರ್ಜೆ ನೀಡುವ ಪಿಎಸ್‌ಎ ಸಂಸ್ಥೆ 1991ರಲ್ಲಿ ಗ್ರೇಡ್ ಕೊಟ್ಟ ಮೊಟ್ಟಮೊದಲ ಕಾರ್ಡು ಒಂದು ವ್ಯಾಗ್ನರ್ ಪ್ರತಿ. ಅದರ ಅಂಚನ್ನು ಕತ್ತರಿಸಿ ಅಂದಗೊಳಿಸಲಾಗಿತ್ತೆಂದು 2013ರಲ್ಲಿ ನ್ಯಾಯಾಲಯದ ಮುಂದೆಯೇ ಒಪ್ಪಿಕೊಳ್ಳಲಾಯಿತು. ಯಾರದೋ ಜೇಬಿನಲ್ಲಿ ಮಡಿಕೆ ಬಿದ್ದ, ಯಾರೋ ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿ ಕಿತ್ತ ಕಾರ್ಡುಗಳನ್ನೇ ನಾನು ಇಷ್ಟಪಟ್ಟು ಆರಿಸುತ್ತೇನೆ. ಮುಖ ಮತ್ತು ಹೆಸರು ಸ್ಪಷ್ಟವಾಗಿದ್ದರೆ ಸಾಕು.

ಮರ್ಕಲ್ ಅವರ ಭಾವಚಿತ್ರವನ್ನು ನೋಡುವಾಗ ನನಗೆ ಅನ್ನಿಸುವುದು ಇಷ್ಟು: ಆ ಒಂದು ಸಂಜೆಯ ನಂತರವೂ ಅವರು ಮೇಜರ್ ಲೀಗಿನಲ್ಲಿ ವರ್ಷಾನುಗಟ್ಟಲೆ ಆಡಿದರು, ಒಳ್ಳೆಯ ಆಟಗಾರರೆಂದೇ ಆಡಿದರು. ತಂಡದ ಮ್ಯಾನೇಜರ್ ಆಗಿದ್ದ ಜಾನ್ ಮೆಕ್‌ಗ್ರಾ, ಮರ್ಕಲ್ ಅವರನ್ನು ದೂರಲಿಲ್ಲ, ಕೈಬಿಡಲೂ ಇಲ್ಲ. ಚೆಂಡನ್ನು ಅಷ್ಟು ಚೆನ್ನಾಗಿ ಹೊಡೆದ ಬ್ರಿಡ್‌ವೆಲ್ ಅವರಂತೂ, ತಾನು ಅಂದು ಔಟಾಗಿದ್ದರೇ ಒಳ್ಳೆಯದಿತ್ತು, ಆ ಹುಡುಗನಿಗೆ ಅಷ್ಟು ಅವಮಾನ ತಪ್ಪುತ್ತಿತ್ತು ಎಂದು ಮುಪ್ಪಿನಲ್ಲಿ ಹೇಳಿಕೊಂಡರು. ಅವರಿಬ್ಬರ ಕಾರ್ಡುಗಳನ್ನು ಆಲ್ಬಮ್ಮಿನಲ್ಲಿ ಅಕ್ಕಪಕ್ಕದಲ್ಲಿಯೇ ಇಟ್ಟಿದ್ದೇನೆ.

ಅಂಪೈರ್‌ಗಳಿಗೆ ಟಿ206ರಲ್ಲಿ ಸ್ಥಾನವಿರಲಿಲ್ಲ, ಹೀಗಾಗಿ ತೀರ್ಪಿತ್ತವರ ಜಾಗ ಬಹುಕಾಲ ಖಾಲಿಯೇ ಉಳಿಯಬಹುದೆಂದು ಭಾವಿಸಿದ್ದೆ. ಆದರೆ ಹ್ಯಾಂಕ್ ಓಡೇ ಅವರು ಅಂಪೈರ್ ಆಗುವ ಮೊದಲು, 1880ರ ದಶಕದಲ್ಲಿ, ವಾಷಿಂಗ್ಟನ್ ತಂಡದ ಪಿಚರ್ ಆಗಿದ್ದರು. ಗುಡ್‌ವಿನ್ ಕಂಪನಿಯು ಓಲ್ಡ್ ಜಡ್ಜ್ ಸಿಗರೇಟುಗಳೊಂದಿಗೆ ಕೊಡುತ್ತಿದ್ದ, ಕಂದುಬಣ್ಣದ ಫೋಟೋವನ್ನು ರಟ್ಟಿಗೆ ಅಂಟಿಸಿದ ಕಾರ್ಡುಗಳಲ್ಲಿ ಅವರದೂ ಒಂದಿದೆ. ಆ ಮಾಲಿಕೆಯ ಕಾರ್ಡುಗಳು ಟಿ206ಗಿಂತ ವಿರಳ, ಬೆಲೆಯೂ ಹೆಚ್ಚು. ಈಗ ನಾನು ಹುಡುಕುತ್ತಿರುವುದು ಅದನ್ನೇ.