ಕಾದಂಬರಿಯಿಂದ ರಾಣಿಯವರೆಗೆ

ಕಾಲೇಜಿನಲ್ಲಿ ನಮ್ಮ ಬ್ಯಾಚಿದ್ದಾಗ ಸಂಜೆಯ ಧಾರಾವಾಹಿ ನಡೆಯುತ್ತಿದ್ದದ್ದು ಕರೆಂಟಿನ ಮರ್ಜಿಯಲ್ಲಿ. ಜುಲೈ ಮಳೆಗೆ ತೋಟದ ಮರವೊಂದು ತಂತಿಯ ಮೇಲೆ ಉರುಳಿದರೆ ವಾರದ ಕತೆಯೇ ಹೋಯಿತು. ಆದರೂ ಹಾಸ್ಟೆಲಿನಲ್ಲಿ ‘ಸುಮತಿ’, ‘ಕಾದಂಬರಿ’ಗಳ ಚರ್ಚೆ ನಿಲ್ಲುತ್ತಿರಲಿಲ್ಲ. ಅವುಗಳ ನಟಿ ಶ್ವೇತಾ ಚೆಂಗಪ್ಪ ನಮ್ಮ ಕೊಡಗಿನವರು, ಅಷ್ಟು ಸಾಕಿತ್ತು.

ಧಾರಾವಾಹಿಗಳ ನಿರ್ದೇಶನ ವಿಭಾಗದಲ್ಲಿ ದುಡಿಯುವವರ ಕಣ್ಣಿಗೆ ಶ್ವೇತಾ ಅವರ ವೃತ್ತಿಯಲ್ಲಿ ದೊಡ್ಡದಾಗಿ ಕಾಣುವುದು ಆ ಕಣ್ಣೀರಿನ ಪಾತ್ರಗಳಲ್ಲ. 2014ರ ಬಿಗ್ ಬಾಸ್ ಎರಡನೇ ಸೀಸನ್ ಮುಗಿಸಿ, ಮರುವರ್ಷ ‘ಮಜಾ ಟಾಕೀಸ್’ ಹಾಸ್ಯ ಕಾರ್ಯಕ್ರಮದಲ್ಲಿ ರಾಣಿಯಾಗಿ ನಿಂತರಲ್ಲ, ಅದು. ಧಾರಾವಾಹಿಯ ನಟಿ ಹಾಸ್ಯಕ್ಕೆ ಹೊರಳುವುದು ಏಕೆ ಕಷ್ಟ ಎನ್ನುವುದಕ್ಕೆ ಸೆಟ್ಟಿನ ಪದ್ಧತಿಯೇ ಕಾರಣ.

ಧಾರಾವಾಹಿಯ ಅರ್ಧ ಗಂಟೆಯ ಸ್ಲಾಟಿಗೆ, ಅಂದರೆ ಪ್ರಸಾರದ ಹೊತ್ತಿಗೆ, ಬೇಕಾದದ್ದು ಸುಮಾರು 22 ನಿಮಿಷದ ಚಿತ್ರೀಕರಣ. ಯುನಿಟ್ಟು ದಿನಕ್ಕೊಂದು ಎಪಿಸೋಡಾದರೂ ಮುಗಿಸಲು ನೋಡುತ್ತದೆ. ಸೀನ್ ಪೇಪರ್ ಎಷ್ಟೋ ಸಲ ಸೆಟ್ಟಿಗೇ ಬರುತ್ತದೆ, ಬಾಯಿಪಾಠಕ್ಕೆ ಸಮಯವಿಲ್ಲ. ಹಾಗಾಗಿ ಪ್ರಾಂಪ್ಟಿಂಗ್. ಕ್ಯಾಮೆರಾ ಪಕ್ಕ ನಿಂತ ಸಹಾಯಕ ಸಾಲು ಹೇಳುತ್ತಾನೆ, ನಟಿ ಕೇಳಿಸಿಕೊಂಡು ಒಪ್ಪಿಸುತ್ತಾಳೆ. ಹೊಸಬರ ಕಣ್ಣು ದನಿ ಬಂದ ಕಡೆ ವಾಲುತ್ತದೆ, ಶಾಟ್ ಕೆಡುತ್ತದೆ. ಎದುರಿನವರ ಒಂದೇ ಕಣ್ಣನ್ನು, ಕ್ಯಾಮೆರಾಗೆ ಹತ್ತಿರವಿರುವುದನ್ನು, ಹಿಡಿದುಕೊಂಡರೆ ನೋಟ ನಿಲ್ಲುತ್ತದೆ. ಸಾಲುಗಳ ನಡುವಿನ ಆ ತಡೆ ಅಳುವ ದೃಶ್ಯಕ್ಕೆ ಒಪ್ಪುತ್ತದೆ. ನಗಿಸುವಲ್ಲಿ ಅದೇ ಅರ್ಧ ಕ್ಷಣ ಮಾತನ್ನು ಕೊಲ್ಲುತ್ತದೆ. ವರ್ಷಗಟ್ಟಲೆ ಅಂಟಿದ ಅಭ್ಯಾಸ ಬಿಡಿಸಿಕೊಂಡು ಪ್ರೇಕ್ಷಕರ ಎದುರು ಟೈಮಿಂಗ್ ಹಿಡಿಯುವುದು ಎಲ್ಲರಿಗೂ ಒಲಿಯುವುದಿಲ್ಲ.

ಗ್ಲಿಸರಿನ್ ವಿಷಯಕ್ಕೂ ಲೆಕ್ಕವಿದೆ. ಕಣ್ಣಿನೊಳಗೆ ಹೋಗದಂತೆ ಕೆಳರೆಪ್ಪೆಯ ಹೊರಗೆ ಒಂದಿಷ್ಟು ಸವರಬೇಕು. ಹೆಚ್ಚಾದರೆ ಕಣ್ಣು ಕೆಂಪೇರಿ ಮುಂದಿನ ಸೀಮಂತದ ಸೀನ್ ತೆಗೆಯಲಾಗುವುದಿಲ್ಲ, ಆದಷ್ಟೂ ಅಳುವನ್ನು ಕೊನೆಗೆ ಇಡುವುದು ಅದಕ್ಕೇ. ರೇಷ್ಮೆ ಸೀರೆಯ ಸರಸರ, ಬಳೆಯ ಸದ್ದು ಕಾಲರ್ ಮೈಕಿಗೆ ಶತ್ರು; ಬಳೆಗಳನ್ನು ದಾರದಲ್ಲಿ ಕಟ್ಟಿಬಿಡುತ್ತಾರೆ. ಒಂದೇ ದೃಶ್ಯದ ಎರಡು ತುಂಡು ಬೇರೆ ಬೇರೆ ದಿನ ತೆಗೆದಾಗ ಬಿಂದಿಯ ಬಣ್ಣ, ಹೂವಿನ ಅಳತೆ ತಪ್ಪಬಾರದು. ಪ್ಯಾಕಪ್ಪಿಗೆ ಮುಂಚೆ ಫೋಟೊ ತೆಗೆದಿಟ್ಟವಳು ಬಚಾವ್.

ನಮ್ಮ ಕಡೆಯವರಿಗೆ ಇನ್ನೊಂದು ಕೆಲಸ ಹೆಚ್ಚು. ಕೊಡವರ ಭಾಷೆಯಾದ ಕೊಡವ ತಕ್ಕಿನಲ್ಲಿ ಮಹಾಪ್ರಾಣ ಅಪರೂಪವಾದ್ದರಿಂದ ‘ಧರ್ಮ’ ‘ದರ್ಮ’ವಾಗಿಬಿಡುತ್ತದೆ. ಅತ್ತೆ ಮನೆಯ ಮಾತಿಗೆ ಅದು ನಡೆಯುತ್ತದೆ, ಪೌರಾಣಿಕಕ್ಕೆ ನಡೆಯದು. ದಿನಾ ಪತ್ರಿಕೆಯ ಒಂದು ಪುಟ ಗಟ್ಟಿಯಾಗಿ ಓದಿದರೆ ನಾಲಿಗೆ ಪಳಗುತ್ತದೆ.

ಸಂಬಳ ಕಾಲ್‌ಶೀಟಿನ, ಅಂದರೆ ಚಿತ್ರೀಕರಣಕ್ಕೆ ಕೊಟ್ಟ, ದಿನಕ್ಕಿಷ್ಟು ಎಂದು. ಶೇಕಡಾ 10 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಚೆಕ್ ಕೈಗೆ ಬರಲು ಎರಡು ಮೂರು ತಿಂಗಳೂ ಆಗಬಹುದು. ಅಷ್ಟರಲ್ಲಿ ಬೆಂಗಳೂರಿನ ಬಾಡಿಗೆ ನಿಲ್ಲುವುದಿಲ್ಲ, ಸೀರೆಗಳನ್ನು ಎಷ್ಟೋ ಕಡೆ ನಟಿಯೇ ತರಬೇಕು. ಗುರುವಾರ ಬರುವ ಟಿಆರ್‌ಪಿ, ಅಂದರೆ ವೀಕ್ಷಕರ ಲೆಕ್ಕ, ಕುಸಿಯುತ್ತ ಹೋದರೆ ಸ್ಲಾಟ್ ಬದಲು, ಆಮೇಲೆ ಕತೆಯೇ ಮುಕ್ತಾಯ. ಇನ್ನೊಂದು ವಾಹಿನಿಗೆ ಹೋಗಬಾರದೆಂಬ ಷರತ್ತು ಅಗ್ರಿಮೆಂಟಿನಲ್ಲಿದ್ದರೆ ಅದು ಎಷ್ಟು ತಿಂಗಳು ಎಂಬುದನ್ನು ಸಹಿಗೆ ಮುಂಚೆಯೇ ನೋಡಬೇಕು.

ಈಗಿನ ಹುಡುಗಿಯರು ಆಡಿಷನ್ನಿಗೆ ಮೊಬೈಲಿನಲ್ಲೇ ವಿಡಿಯೊ ಕಳಿಸುತ್ತಾರೆ. ಫೋನ್ ಅಡ್ಡ ಹಿಡಿದು, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ನಿಂತು, ಒಂದು ನಿಮಿಷ ಮೀರದಂತೆ ಮುಗಿಸಿದರೆ ಒಳ್ಳೆಯದು. ಹೆಂಚಿನ ಮೇಲೆ ಮಳೆ ಸುರಿಯುವ ಹೊತ್ತಿನಲ್ಲಂತೂ ಬೇಡ, ಮಾತೇ ಕೇಳಿಸುವುದಿಲ್ಲ. ನೋಂದಣಿ ಶುಲ್ಕ ಎಂದು ದುಡ್ಡು ಕೇಳಿದರೆ ಅದು ಆಡಿಷನ್ನೇ ಅಲ್ಲ, ನಂಬರ್ ಬ್ಲಾಕ್ ಮಾಡಿ.