ಕೊನೆಯ ಲಾಂಚು

ಸಂಜೆ ನಾಲ್ಕಾಯಿತು ಅಂದರೆ ಈಗಲೂ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಆಫೀಸಿನಲ್ಲಿ ಮೀಟಿಂಗು ನಡೆಯುತ್ತಿದ್ದರೂ ಕಣ್ಣು ಗಡಿಯಾರದ ಕಡೆಗೇ ಹೋಗುತ್ತದೆ. ಮನೆ ಇರುವುದು ಶಿವಮೊಗ್ಗದಲ್ಲೇ, ಹತ್ತು ನಿಮಿಷದ ದಾರಿ. "ಸರ್‌ಗೆ ಬಸ್ಸಿನ ಹೊತ್ತಾಯ್ತು" ಎಂದು ಜೊತೆಯವರು ನಗುತ್ತಾರೆ. ಬಸ್ಸಲ್ಲ ಮಾರಾಯರೆ, ಹೊಳೆ ದಾಟಿಸುವ ಲಾಂಚು.

ಕಾಲೇಜು ಪತ್ರಿಕೆಯ ಸಮಿತಿಯವರು ಹಳೇ ವಿದ್ಯಾರ್ಥಿಯಾದ ನನ್ನನ್ನು ಮೂರು ವಿಷಯ ಕೇಳಿದ್ದಾರೆ. ಬದುಕಿನ ಅನುಭವ, ಮೆಚ್ಚಿನ ಸಂಗತಿಗಳು, ಮುಂದಿನ ಆಸೆ. ಯಾವುದನ್ನು ಬರೆಯಲು ಕೂತರೂ ಲಾಂಚೇ ಮೊದಲು ಬಂದು ನಿಲ್ಲುತ್ತದೆ. ಹಾಗಾಗಿ ಅದನ್ನೇ ಬರೆಯುತ್ತೇನೆ.

ನಾನು 1991ರಿಂದ 94ರವರೆಗೆ ಸಾಗರದ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಓದಿದವನು. ಊರು ಕರೂರು ಹೋಬಳಿ. ಕಾಲೇಜಿನಲ್ಲಿ ನಮ್ಮನ್ನೆಲ್ಲ "ಹೊಳೆಯಾಚೆಯವರು" ಅನ್ನುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗುವ ತನಕ ನಮ್ಮ ಕಡೆಯವರೂ ಎಲ್ಲರ ಹಾಗೆ ರಸ್ತೆಯಲ್ಲೇ ಸಾಗರಕ್ಕೆ ಬರುತ್ತಿದ್ದರಂತೆ. ಶರಾವತಿಯ ನೀರು ನಿಂತ ಮೇಲೆ ಗದ್ದೆ, ತೋಟ, ರಸ್ತೆ ಎಲ್ಲ ಮುಳುಗಿತು. ಕೆಲವರು ಬೇರೆ ಕಡೆ ಹೋದರು. ನಮ್ಮ ಅಜ್ಜ ಗುಡ್ಡದ ಮೇಲಕ್ಕೆ ಹತ್ತಿ, ಅಲ್ಲೇ ಒಂದು ಮನೆ ಕಟ್ಟಿಕೊಂಡ. ಮಳೆ ಕೈಕೊಟ್ಟ ವರ್ಷ ನೀರು ಇಳಿದಾಗ ಹಳೇ ಮರದ ಬೊಡ್ಡೆಗಳು ಮೇಲೇಳುತ್ತವೆ. ಮಡೇನೂರಿನ ಹಳೇ ಅಣೆಕಟ್ಟೂ ಕಾಣುತ್ತದೆ. ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು ನಮ್ಮದು! ಅಂಥ ಬೇಸಿಗೆಯಲ್ಲಿ ಅಜ್ಜ ದಡಕ್ಕೆ ಹೋಗಿ ಕೂರುತ್ತಿದ್ದ. "ಅಗೋ, ಆ ಬೊಡ್ಡೆಯ ಪಕ್ಕ ನಮ್ಮ ಅಂಗಳ" ಎಂದು ಕೋಲು ತೋರಿಸುತ್ತಿದ್ದ. ಎಷ್ಟು ನೋಡಿದರೂ ನನಗೆ ಕೆಸರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ನಮ್ಮ ಜಾಗ ತೆಗೆದುಕೊಂಡ ನೀರಿನಿಂದ ಊರೂರಿಗೆ ಕರೆಂಟು ಹೋಯಿತು. ನಮ್ಮ ಮನೆಗೆ ಬಂದದ್ದು ನಾನು ಹೈಸ್ಕೂಲು ಸೇರಿದ ಮೇಲೆ.

ಕಾಲೇಜಿಗೆ ಬರುವುದೆಂದರೆ ಹೀಗೆ. ಬೆಳಗಿನ ಜಾವ ಎದ್ದು ಹಾಲು ಕರೆಯಬೇಕು. ಅಪ್ಪನಿಗೆ ಸೊಂಟ ನೋವು, ಹಾಗಾಗಿ ಎರಡು ಹೊತ್ತೂ ಆ ಕೆಲಸ ನನ್ನದೇ. ಆಮೇಲೆ ಕಳಸವಳ್ಳಿಯ ದಡದವರೆಗೆ ನಡಿಗೆ. ಲಾಂಚಿನಲ್ಲಿ ದಾಟಿ ಅಂಬಾರಗೋಡ್ಲು, ಅಲ್ಲಿಂದ ಬಸ್ಸು. ಸಂಜೆ ಅದೇ ದಾರಿ ತಿರುಗಾಮುರುಗಾ. ಕತ್ತಲಾದ ಮೇಲೆ ಲಾಂಚು ಇಲ್ಲ. ತಪ್ಪಿದರೆ ಹೊಸನಗರ, ನಗರ, ನಿಟ್ಟೂರು ಅಂತ ಊರೆಲ್ಲ ಸುತ್ತಿಕೊಂಡು ಬರಬೇಕು. ಆಗ ನಮ್ಮ ಹತ್ತಿರ ಯಾವ ವಾಹನ ಇತ್ತು? ಹಾಗಾಗಿ ಕೊನೆಯ ಪೀರಿಯಡ್ಡು ಮುಗಿಯುವ ಮೊದಲೇ ನಾವು ಹೊಳೆಯಾಚೆಯವರು ಏಳುತ್ತಿದ್ದೆವು. ನಮ್ಮ ಬೆಂಚು ಬಾಗಿಲ ಪಕ್ಕ. ಅಕೌಂಟೆನ್ಸಿ ಸರ್ ಪಾಠ ನಿಲ್ಲಿಸದೆ, ಬೋರ್ಡಿನ ಕಡೆಯೇ ಮುಖ ಮಾಡಿಕೊಂಡು "ಹೋಗಿ ಬನ್ರಪ್ಪಾ" ಅನ್ನುತ್ತಿದ್ದರು. ಮೂರು ವರ್ಷದಲ್ಲಿ ಒಂದು ಬ್ಯಾಲೆನ್ಸ್ ಶೀಟೂ ಕ್ಲಾಸಿನಲ್ಲಿ ಟ್ಯಾಲಿ ಆದದ್ದನ್ನು ನಾನು ನೋಡಿಲ್ಲ. ಈಗ ಹೊಟ್ಟೆಪಾಡು ಅದೇ ಕೆಲಸ, ನೋಡಿ.

ಹೀಗೆ ಎಲ್ಲವನ್ನೂ ಅರ್ಧಕ್ಕೇ ಬಿಟ್ಟು ಎದ್ದು ಬಂದವನು ನಾನು. ಸಾಗರದ ಮಾರಿಕಾಂಬೆ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಅದನ್ನು ನೋಡಿದ್ದು ಹಗಲಲ್ಲಿ ಮಾತ್ರ. ತಿರುಗುವ ತೊಟ್ಟಿಲಿಗೆ ದೀಪ ಹಾಕಿದಾಗ ಹೇಗೆ ಕಾಣುತ್ತದೆಂದು ಗೆಳೆಯರು ಹೇಳಿಯೇ ಗೊತ್ತು. 1993ರ ನವೆಂಬರ್ 24, ಹೀರೋ ಕಪ್ ಸೆಮಿಫೈನಲ್. ಹಾಸ್ಟೆಲ್ಲಿನ ಟಿವಿ ಮುಂದೆ ನಿಂತು ಭಾರತದ ಬ್ಯಾಟಿಂಗನ್ನು ಒಂದಷ್ಟು ನೋಡಿ ಬಸ್ಸು ಹತ್ತಿದೆ. ಮನೆಯ ರೇಡಿಯೋದಲ್ಲಿ ಸೆಲ್ಲು ಮುಗಿದಿತ್ತು. ಕೊನೆಯ ಓವರಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ ಆರು ರನ್ ಬೇಕಿದ್ದಾಗ ತೆಂಡೂಲ್ಕರ್ ಬೌಲಿಂಗ್ ಮಾಡಿ ಎರಡು ರನ್ನಿನಿಂದ ಗೆಲ್ಲಿಸಿದ್ದು ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಲಾಂಚಿನ ಟಿಕೆಟು ಕೊಡುವವನಿಂದ.

ಮೆಚ್ಚಿನ ಸಂಗತಿ ಅಂತ ಕೇಳಿದ್ದೀರಲ್ವಾ? ಪುಸ್ತಕ. ಅದಕ್ಕೂ ಲಾಂಚೇ ಕಾರಣ. ಅರ್ಧಕ್ಕೆ ಮಡಚಿಟ್ಟು, ಹೊಳೆ ದಾಟುವಾಗ ಮತ್ತೆ ಬಿಡಿಸಿ ಓದಬಹುದಾದದ್ದು ಅದೊಂದೇ. ಇನ್ನೊಂದು, ಅಮ್ಮ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ. ಅದರ ಬಗ್ಗೆ ಬರೆದರೆ ಪತ್ರಿಕೆಯ ಪುಟ ಸಾಲದು. ಮತ್ತೊಂದು ವಿಚಿತ್ರ ಇಷ್ಟ ಇದೆ. ಜುಲೈ ಬಂತೆಂದರೆ ಪೇಪರಿನಲ್ಲಿ ಮೊದಲು ಹುಡುಕುವುದು ಲಿಂಗನಮಕ್ಕಿಯ ನೀರಿನ ಮಟ್ಟ. ಪೂರ್ತಿ ತುಂಬಿದರೆ 1819 ಅಡಿ. ಅಜ್ಜನ ಅಂಗಳ ಇನ್ನಷ್ಟು ಆಳಕ್ಕೆ ಹೋಗುತ್ತದೆಂದು ಗೊತ್ತಿದ್ದೂ, ಡ್ಯಾಂ ತುಂಬಲಿ ಅಂತಲೇ ಆಸೆಪಡುತ್ತೇನೆ. ಕರೆಂಟು ಆಫೀಸಿನ ಸಂಬಳ ತಿನ್ನುವವನಿಗೆ ಇನ್ನೇನು ಬರುತ್ತದೆ?

ಲಾಂಚಿನದು ಬರೀ ತಮಾಷೆಯ ಕಥೆಯಲ್ಲ. ಅಜ್ಜಿಗೆ ಎದೆನೋವು ಬಂದದ್ದು ಒಂದು ಮಳೆಗಾಲದ ರಾತ್ರಿ. ಕಂಬಳಿಯಲ್ಲಿ ಮಲಗಿಸಿ ನಾಲ್ಕು ಜನ ದಡಕ್ಕೆ ಹೊತ್ತು ತಂದರು. ಆಚೆ ದಡದಲ್ಲಿ ಒಂದು ದೀಪ ಕಾಣುತ್ತಿತ್ತು. ಬೆಳಗಾಗಲಿ ಎಂದು ಕಾದೆವು. ಬೆಳಗಾಯಿತು, ಅಜ್ಜಿಯನ್ನು ಮನೆಗೆ ವಾಪಸು ಹೊತ್ತೆವು. ನಮ್ಮ ಕಡೆ ಇಂಥದ್ದು ಒಂದಾದರೂ ಇಲ್ಲದ ಮನೆ ಕಡಿಮೆ.

ಈಗ ನಾಟಕದ ವಿಷಯ. ನಿಜ ಹೇಳಬೇಕೆಂದರೆ ಇದಕ್ಕಾಗಿಯೇ ಬರೆಯಲು ಒಪ್ಪಿದ್ದು. ಕೊನೆಯ ವರ್ಷದ ಕಾಲೇಜ್ ಡೇಗೆ ನಮ್ಮ ಕನ್ನಡ ಸರ್ ತಾವೇ ಒಂದು ನಾಟಕ ಬರೆದಿದ್ದರು. ರಾಜ, ಮಂತ್ರಿ, ಪಿತೂರಿ, ಎಲ್ಲ ಇತ್ತು. ನನಗೂ ಆಸೆಯಾಯಿತು. "ಸರ್, ಮೊದಲ ಅಂಕದಲ್ಲೇ ಸಾಯುವ ಪಾತ್ರ ಇದ್ದರೆ ಕೊಡಿ" ಎಂದೆ. ಸರ್ ಜೋರಾಗಿ ನಕ್ಕು ಮಂತ್ರಿಯ ಪಾತ್ರ ಕೊಟ್ಟರು. ಮಂತ್ರಿ ಹಾಲು ಕುಡಿಯುತ್ತಾನೆ, ಬೀಳುತ್ತಾನೆ, ಅಷ್ಟೇ. ಹಾಲಿಗೆ ವಿಷ ಹಾಕಿದ್ದು ಯಾರೆಂದು ಕೊನೆಯ ಅಂಕದಲ್ಲಿ ತಿಳಿಯುವುದಂತೆ. ಉಳಿದ ರಿಹರ್ಸಲ್ಲು ಸಂಜೆ ನಡೆಯುತ್ತಿದ್ದವು. ಹಾಗಾಗಿ ನನಗೆ ಮುಂದಿನ ಕಥೆ ಗೊತ್ತಿರಲಿಲ್ಲ. ಕೇಳಿದರೆ "ನೋಡಿಯೇ ತಿಳಿದುಕೋ" ಅಂದರು ಸರ್.

ಆ ದಿನ ಬಿದ್ದು ಸತ್ತೆ. ಪರದೆ ಎಳೆದ ಕೂಡಲೇ ಎದ್ದು ಬಸ್ ಸ್ಟ್ಯಾಂಡಿಗೆ ಓಡಿದೆ. ಮುಖದ ಬಣ್ಣ ತೊಳೆಯಲೂ ಪುರುಸೊತ್ತಿರಲಿಲ್ಲ. ಲಾಂಚಿನಲ್ಲಿ ಅಂಟು ಮೀಸೆ ಹೊತ್ತು ನಿಂತಿದ್ದವನನ್ನು ನೋಡಿ ಒಬ್ಬ ಹೆಂಗಸು "ಯಾವ ಮೇಳದವನಾ ನೀನು?" ಎಂದು ಕೇಳಿದಳು. ಯಕ್ಷಗಾನದವನೆಂದು ತಿಳಿದಳೇನೋ. ಇತ್ತ ಕಾಲೇಜಿನಲ್ಲಿ ಮೊದಲ ಅಂಕ ಆದಮೇಲೆ ಬಹುಮಾನ ಕೊಡುವುದನ್ನು ತೂರಿಸಿದರಂತೆ, ಮುಖ್ಯ ಅತಿಥಿಗಳಿಗೂ ಬೇಗ ಹೋಗಬೇಕಿತ್ತಂತೆ. ನಾಟಕ ಮತ್ತೆ ಶುರುವಾಗಿ ಕೊನೆ ಅಂಕ ಬರುವಾಗ ಕತ್ತಲು. ಮರುದಿನ ರಾಜನ ಪಾತ್ರ ಮಾಡಿದವನನ್ನು ಹಿಡಿದು "ಕೊನೆಗೆ ಎಂಥಾ ಆಯ್ತೋ?" ಎಂದು ಕೇಳಿದೆ.

"ಕರೆಂಟು ಹೋಯ್ತು ಮಾರಾಯ" ಅಂದ.

ಕತ್ತಲಲ್ಲಿ ಒಬ್ಬರ ಮಾತು ಒಬ್ಬರು ಹೇಳಿ, ಗಲಾಟೆಯಾಗಿ, ಹೇಗೋ ಪರದೆ ಎಳೆದರಂತೆ. ಒಬ್ಬ ಸೇನಾಪತಿಯೇ ಕೊಂದದ್ದು ಎಂದ. ಇನ್ನೊಬ್ಬ ರಾಣಿ ಎಂದ. ಪರೀಕ್ಷೆ ಬಂತು, ಎಲ್ಲರೂ ಚದುರಿದೆವು. 1996ರಲ್ಲಿ ನನಗೆ ಕೆಇಬಿಯಲ್ಲಿ, ಅಂದರೆ ಆಗಿನ ವಿದ್ಯುತ್ ಮಂಡಳಿಯಲ್ಲಿ, ಕೆಲಸ ಸಿಕ್ಕಿತು. ಆಮೇಲೆ ಅದು ಕೆಪಿಟಿಸಿಎಲ್ ಆಯಿತು, 2002ರಲ್ಲಿ ಮೆಸ್ಕಾಂ ಆಯಿತು. ಬೋರ್ಡು ಬದಲಾದರೂ ನನ್ನ ಮೇಜು ಮಾತ್ರ ಅದೇ. ಕರೆಂಟು ಹೋಯಿತೆಂದು ಯಾರಾದರೂ ಫೋನಿನಲ್ಲಿ ಬೈದರೆ ನನಗೆ ಸಿಟ್ಟೇ ಬರುವುದಿಲ್ಲ. ನನ್ನದೂ ಒಂದು ದೂರು ಬಾಕಿ ಇದೆಯಲ್ಲ!

2025ರ ಜುಲೈ 14ರಂದು, ನಾವು ಲಾಂಚಿನಲ್ಲಿ ದಾಟುತ್ತಿದ್ದ ಕಡೆಯೇ, ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಆ ಸಲ ಊರಿಗೆ ಹೋದವನು ಸುಮ್ನೆ ಆಚೆಯಿಂದ ಈಚೆಗೆ ನಾಲ್ಕು ಸಲ ಓಡಾಡಿದೆ. ಪೆಟ್ರೋಲು ದಂಡ ಎಂದು ಹೆಂಡತಿ ಬೈದಳು. ಅಕ್ಟೋಬರಿನಲ್ಲಿ ಅಮ್ಮನನ್ನು ಹೆಗ್ಗೋಡಿಗೆ ಕರೆದುಕೊಂಡು ಹೋದೆ. ನೀನಾಸಮ್‌ನ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ಕಾಲೇಜಿನ ದಿನಗಳಲ್ಲಿ ಸಾಗರದಿಂದ ಗೆಳೆಯರೆಲ್ಲ ಅಲ್ಲಿಗೆ ಹೋಗಿ ಬಂದು ವಾರಗಟ್ಟಲೆ ಮಾತಾಡುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ. ಆಟ ಅರ್ಧ ಆಗಿತ್ತು, ಅಮ್ಮ ಮೊಣಕೈಯಿಂದ ತಿವಿದಳು. "ಏಳು ಮಗಾ, ಲಾಂಚು ತಪ್ಪಿ ಹೋದೀತು." ಹೇಳಿದ ಮೇಲೆ ಅವಳಿಗೇ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೊನೆಯ ತನಕ ಕೂತೆವು. ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಕೂತೆವು, ಯಾವಾಗ ಏಳಬೇಕೆಂದೇ ತಿಳಿಯಲಿಲ್ಲ.

ಇನ್ನು ಮುಂದಿನ ಆಸೆ. ನಿವೃತ್ತಿಗೆ ಇನ್ನೂ ಕೆಲವು ವರ್ಷ ಇದೆ. ಆಮೇಲೆ ಊರಲ್ಲೇ ಇರುತ್ತೇನೆ. ಮುಂದಿನ ಜಾತ್ರೆಯಲ್ಲಿ ದೀಪ ಹಾಕಿದ ತೊಟ್ಟಿಲಲ್ಲಿ ಕೂರಬೇಕು. ತಲೆ ತಿರುಗಿದರೆ ತಿರುಗಲಿ. ಮತ್ತೆ ಆ ನಾಟಕ. ಕನ್ನಡ ಸರ್ ಈಗಿಲ್ಲ. ಆದರೆ ಅವರು ರೂಲ್ಡ್ ಹಾಳೆಯಲ್ಲಿ, ನೀಲಿ ಶಾಯಿಯಲ್ಲಿ ಬರೆದ ಪ್ರತಿ ನನಗೆ ಚೆನ್ನಾಗಿ ನೆನಪಿದೆ. ಲೈಬ್ರರಿಯ ಬೀರುವಿನಲ್ಲೋ, ಕನ್ನಡ ವಿಭಾಗದ ಮೂಲೆಯಲ್ಲೋ ಅದು ಇದ್ದರೂ ಇರಬಹುದು. ಈಗ ಓದುತ್ತಿರುವ ಮಕ್ಕಳು ಒಂದು ಸಲ ಹುಡುಕಿ ನೋಡಿ. ಸಿಕ್ಕಿದರೆ ನೀವೇ ಆಡಿ. ಮಂತ್ರಿಯ ಪಾತ್ರಕ್ಕೆ ನಾನು ಸಿದ್ಧ, ಮಾತು ಇನ್ನೂ ಬಾಯಿಪಾಠ ಇದೆ. ಮೊದಲ ಅಂಕದಲ್ಲಿ ಸತ್ತು, ಬಣ್ಣದಲ್ಲೇ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಕರೆಂಟು ಹೋಗದ ಹಾಗೆ ನಾನು ನೋಡಿಕೊಳ್ಳುತ್ತೇನೆ.